ಬೇಡ ಎನ್ನಬಲ್ಲ ಡೇಟಾಬೇಸ್

ನಮ್ಮತ್ತೆಗೆ ಕಂಪ್ಯೂಟರಿನ ಬಗ್ಗೆ ಗೊತ್ತಿರುವುದು ಒಂದೇ ಸಂಗತಿ. ಅದರಲ್ಲಿ ನಾನೇನೋ ಎಡವಟ್ಟು ಮಾಡಿದ್ದಕ್ಕೆ ನನ್ನದೇ ಮದುವೆಯ ಛತ್ರ ಕೈತಪ್ಪಿತು ಎನ್ನುವುದು. ಜಡಿಗೇನಹಳ್ಳಿಯ ನಮ್ಮ ಮನೆಗೆ ಯಾವ ನೆಂಟರು ಬಂದರೂ ಕಾಫಿ ಕುಡಿದು ಮುಗಿಸುವಷ್ಟರಲ್ಲಿ ಈ ಕಥೆ ಆಗಿಹೋಗಿರುತ್ತದೆ. "ನಮ್ ಸೊಸೆ ಸಾಫ್ಟ್‌ವೇರ್ ಮಾಡೋಳು ಕಣ್ರೀ. ಅವಳ ಮದ್ವೆಗೇ ಅವಳ ಸಾಫ್ಟ್‌ವೇರ್ ಕೈ ಕೊಟ್ಬಿಡ್ತು!" ಎಲ್ಲರೂ ನಗುತ್ತಾರೆ. ಅತ್ತೆ ಕೆಟ್ಟವರಲ್ಲ. ಯಾರೋ ಹೇಳಿದ್ದನ್ನು ನಂಬಿದ್ದಾರೆ, ಅಷ್ಟೇ. ನನಗೆ ಸಿಟ್ಟಿರುವುದು ಹೇಳಿದವರ ಮೇಲೆ.

ಹೇಳಿದವರು ನನ್ನ ಚಿಕ್ಕಪ್ಪ, ಅಪ್ಪನ ಒಡಹುಟ್ಟಿದ ತಮ್ಮ. ದೇವನಹಳ್ಳಿಯಿಂದ ಸ್ವಲ್ಪ ಆಚೆ, ರಸ್ತೆ ಬದಿಯಲ್ಲಿ ಅವರದೊಂದು ಮದುವೆ ಛತ್ರವಿದೆ. ಊರವರ ಬಾಯಲ್ಲಿ ಅದು ಛತ್ರ, ಬೋರ್ಡಿನಲ್ಲಿ ಮಾತ್ರ ಕನ್ವೆನ್ಷನ್ ಹಾಲ್. ನಾನಾಗ ಅದೇ ತಾಲ್ಲೂಕಿನ ಚನ್ನರಾಯಪಟ್ಟಣದ ಮನೆಯಿಂದ ದೇವನಹಳ್ಳಿಗೆ ಬಸ್ಸಿನಲ್ಲಿ ಓಡಾಡಿಕೊಂಡು, ಅಂಗಡಿ ಹೋಟೆಲುಗಳಿಗೆ ಬಿಲ್ಲಿಂಗ್ ಸಾಫ್ಟ್‌ವೇರ್ ಮಾಡಿಕೊಡುವ ಪುಟ್ಟ ಕಂಪನಿಯೊಂದರಲ್ಲಿ ಕೆಲಸ ಮಾಡುತ್ತಿದ್ದೆ. ಛತ್ರದ ಬುಕಿಂಗನ್ನು ಕಂಪ್ಯೂಟರಿಗೆ ಹಾಕಿಕೊಡು ಎಂದು ಚಿಕ್ಕಪ್ಪ ಕೇಳಿದರು. ಬುಕಿಂಗ್ ನಡೆಯುತ್ತಿದ್ದದ್ದು ಎರಡು ಕಡೆ. ಛತ್ರದಲ್ಲಿ ಮ್ಯಾನೇಜರ್ ಬರೆದುಕೊಳ್ಳುತ್ತಿದ್ದರು, ಪೇಟೆಯಲ್ಲಿದ್ದ ಜಮೀನು ವ್ಯವಹಾರದ ಆಫೀಸಿನಲ್ಲಿ ಚಿಕ್ಕಪ್ಪ ಬರೆದುಕೊಳ್ಳುತ್ತಿದ್ದರು. ಇಬ್ಬರೂ ಒಂದೇ ದಿನವನ್ನು ಬೇರೆ ಬೇರೆಯವರಿಗೆ ಕೊಟ್ಟು ಜಗಳವಾಗುತ್ತಿತ್ತು.

ಮನೆಯ ಕೆಲಸವೆಂದು ನಾನು ಮೈಯೆಲ್ಲ ಕಣ್ಣಾಗಿ ಮಾಡಿದೆ. ಬುಕಿಂಗೆಲ್ಲ ಬರೆದಿಟ್ಟುಕೊಳ್ಳಲು ಯಾವ ಡೇಟಾಬೇಸ್ ಹಾಕುವುದು ಎಂದು ತೂಗಿ ನೋಡಿದೆ. ಲೈಸೆನ್ಸಿಗೆ ದುಡ್ಡು ಕೊಡಬೇಕಿಲ್ಲದ ಓಪನ್ ಸೋರ್ಸ್‌ನವೇ ನಾಲ್ಕು ಮುಂದಿದ್ದವು. ಎಸ್‌ಕ್ಯೂಲೈಟ್ ಒಂದೇ ಫೈಲಿನಲ್ಲಿ ಎಲ್ಲವನ್ನೂ ಇಟ್ಟುಕೊಳ್ಳುತ್ತದೆ, ಒಂದೇ ಗಲ್ಲಾ ಇರುವ ಅಂಗಡಿಗೆ ಬೇಕಾದಷ್ಟಾಯಿತು. ಎರಡು ಜಾಗದ ಎರಡು ಆಫೀಸು ಒಟ್ಟಿಗೆ ಬರೆಯುವ ಕಡೆ ನಾನು ಅದನ್ನು ಹಾಕುವುದಿಲ್ಲ. ಮೈಎಸ್‌ಕ್ಯೂಎಲ್ ಎಲ್ಲ ಕಡೆ ಸಿಗುತ್ತದೆ, ಚಿಕ್ಕಪ್ಪ ಛತ್ರಕ್ಕೆ ಮಾಡಿಸಿದ್ದ ವೆಬ್‌ಸೈಟಿನ ಜೊತೆಗೇ ಅದೂ ಬಂದಿತ್ತು. ಕೆಟ್ಟರೆ ರಿಪೇರಿ ಗೊತ್ತಿರುವವರು ಬೀದಿಗೊಬ್ಬರಿದ್ದಾರೆ. ಅದರಿಂದಲೇ ಕವಲೊಡೆದದ್ದು ಮರಿಯಾಡಿಬಿ. ಪೋಸ್ಟ್‌ಗ್ರೆಸ್ ಕಲಿಯಲು ಸ್ವಲ್ಪ ಹೆಚ್ಚು ದಿನ ಬೇಕು, ನೋಡಿಕೊಳ್ಳುವವರೂ ನಮ್ಮ ಕಡೆ ಕಡಿಮೆ.

ಆದರೆ ಕೊನೆಗೆ ನಾನು ಆರಿಸಿದ್ದು ಪೋಸ್ಟ್‌ಗ್ರೆಸ್ಸನ್ನೇ. ಕಾರಣ ನಮ್ಮ ಮದುವೆಗಳು. ನಮ್ಮಲ್ಲಿ ಭಾನುವಾರದ ಮದುವೆ ಎಂದರೆ ಅದು ಶುರುವಾಗುವುದು ಶನಿವಾರ. ಮಧ್ಯಾಹ್ನಕ್ಕೇ ಅಡುಗೆಯವರು ಪಾತ್ರೆ ಇಳಿಸುತ್ತಾರೆ, ಸಂಜೆ ಆರತಕ್ಷತೆ, ಬೆಳಗ್ಗೆ ಧಾರೆ, ಊಟ ಮುಗಿಸಿ ಛತ್ರ ಬಿಡುವಾಗ ಭಾನುವಾರದ ಇಳಿಹೊತ್ತು. ಬರೀ ಮುಹೂರ್ತದ ತಾರೀಕು ಬರೆದಿಟ್ಟರೆ ಕಂಪ್ಯೂಟರಿನ ಲೆಕ್ಕದಲ್ಲಿ ಶನಿವಾರ ಖಾಲಿ. ಆ ಸಂಜೆಗೆ ಇನ್ಯಾರೋ ನಾಮಕರಣಕ್ಕೆ ಕೇಳಿದರೆ ಅದು ಕೊಟ್ಟುಬಿಡುತ್ತದೆ. ಆದ್ದರಿಂದ ಇಂಥ ಹೊತ್ತಿನಿಂದ ಇಂಥ ಹೊತ್ತಿನವರೆಗೆ ಎಂದು ಬರೆದಿಡಬೇಕು, ಒಬ್ಬರ ಹೊತ್ತಿನ ಮೇಲೆ ಇನ್ನೊಬ್ಬರದು ಬೀಳಬಾರದು. ಈ ನಿಯಮವನ್ನು ಪೋಸ್ಟ್‌ಗ್ರೆಸ್‌ನಲ್ಲಿ ಡೇಟಾಬೇಸಿಗೇ ಹೇಳಿಡಬಹುದು. ಆಮೇಲೆ ಯಾರು, ಯಾವ ಕಡೆಯಿಂದ ಬರೆಯಲು ಹೋದರೂ ಅದು ಬೇಡ ಎನ್ನುತ್ತದೆ. ಮರಿಯಾಡಿಬಿಯ ಹೊಸ ಆವೃತ್ತಿಯಲ್ಲೂ ಇಂಥದ್ದೊಂದು ಅನುಕೂಲವಿದೆ, ನಮಗೆ ಸಿಕ್ಕಿದ್ದು ಹಳೆಯದು. ಮೈಎಸ್‌ಕ್ಯೂಎಲ್‌ನಲ್ಲಿ ಆ ಕಾವಲನ್ನು ನಾವೇ ಬರೆಯಬೇಕು. ಅದರ ಮೇಲೆ ನನಗೆ ದೂರಿಲ್ಲ. ಎಷ್ಟೋ ಅಂಗಡಿಗಳ ಬಿಲ್ಲಿಂಗನ್ನು ಅದರಲ್ಲೇ ಮಾಡಿಕೊಟ್ಟು ಅನ್ನ ತಿಂದವಳು ನಾನು.

ತೋರಿಸಲು ಛತ್ರಕ್ಕೆ ಹೋದ ದಿನ ಚಿಕ್ಕಪ್ಪ ವೇದಿಕೆಯ ಮೇಲೆ, ಗಂಡುಹೆಣ್ಣು ಕೂರುವ ಕೆಂಪು ಮಖಮಲ್ ಕುರ್ಚಿಯಲ್ಲಿ ಫ್ಯಾನಿನ ಕೆಳಗೆ ಕೂತಿದ್ದರು. ಲ್ಯಾಪ್‌ಟಾಪನ್ನು ಅವರ ತೊಡೆಯ ಮೇಲಿಟ್ಟು, ಬುಕ್ ಆಗಿರುವ ಹೊತ್ತಿಗೇ ಇನ್ನೊಂದು ಬುಕಿಂಗ್ ಹಾಕಿ ನೋಡಿ ಎಂದೆ. ಹಾಕಿದರು. ತೆಗೆದುಕೊಳ್ಳಲಿಲ್ಲ. ಮತ್ತೆ ಹಾಕಿದರು.

"ಏನವ್ವಾ ಇದು, ಒಪ್ಪಲ್ಲ ಅಂತದೆ?"

"ಅದೇ ಚಿಕ್ಕಪ್ಪ ಅದರ ಗುಣ. ಒಂದೇ ಹೊತ್ತನ್ನ ಇಬ್ಬರಿಗೆ ಕೊಡೋಕೆ ಬಿಡಲ್ಲ."

"ನಾನ್ ಹೇಳಿದ್ರೂನಾ?"

"ಯಾರು ಹೇಳಿದ್ರೂ."

ಚಿಕ್ಕಪ್ಪ ಜೋರಾಗಿ ನಕ್ಕರು. "ಛತ್ರ ನಂದಾ, ಅದರದಾ? ನಾಳೆ ಯಾರೋ ದೊಡ್ಡೋರು ಫೋನ್ ಮಾಡ್ತಾರೆ, ಆ ದಿನಾನೇ ಬೇಕು ಅಂತಾರೆ. ಕಂಪ್ಯೂಟರ್ ಒಪ್ತಿಲ್ಲ ಸಾರ್ ಅನ್ನೋಕಾಯ್ತದಾ? ಮೊದ್ಲು ಬರ್ಕೊಂಬಿಡೋದು. ಆಮೇಲೆ ಚಿಕ್ಕೋರನ್ನ ಕರೆದು ಹೆಂಗೋ ಸಮಾಧಾನ ಮಾಡೋದು. ಯಾವುದು ಎಲ್ಲಾನೂ ತಗಂತದೆ ಹೇಳು, ಅದನ್ನ ಹಾಕು."

ನಿಯಮ ತೆಗೆದರೆ ಪೋಸ್ಟ್‌ಗ್ರೆಸ್ಸೂ ಎಲ್ಲವನ್ನೂ ತೆಗೆದುಕೊಳ್ಳುತ್ತದೆ. ಆದರೆ ಆ ನಿಯಮವೇ ಇಲ್ಲದ ಮೇಲೆ ಅದನ್ನೇ ಹಾಕಬೇಕೆನ್ನಲು ನನಗೂ ಕಾರಣ ಉಳಿಯಲಿಲ್ಲ. ವೆಬ್‌ಸೈಟಿನ ಜೊತೆಗಿದ್ದ ಮೈಎಸ್‌ಕ್ಯೂಎಲ್ಲೇ ಆಯಿತು. ಕಾವಲನ್ನು ನಾನು ಸಾಫ್ಟ್‌ವೇರಿನಲ್ಲಿ ಬರೆದೆ. ಮ್ಯಾನೇಜರ್ ತಪ್ಪು ಮಾಡಲು ಹೋದರೆ ತಡೆಯುತ್ತಿತ್ತು. ಚಿಕ್ಕಪ್ಪನ ಪಾಸ್‌ವರ್ಡಿಗೆ ಮಾತ್ರ ಬಾಗಿಲು ತೆರೆದೇ ಇರಬೇಕೆಂದು ಅವರು ಪಟ್ಟು ಹಿಡಿದರು. ಛತ್ರ ಅವರದು, ಹಾಗೇ ಮಾಡಿಕೊಟ್ಟೆ. ಚಿಕ್ಕೋರು ಎಂದರೆ ಯಾರು ಎಂದು ಕೇಳಬೇಕೆಂದು ಆಗ ನನಗೆ ತೋಚಲಿಲ್ಲ.

ಮರುವರ್ಷ ಜಡಿಗೇನಹಳ್ಳಿಯ ಸಂಬಂಧ ಗೊತ್ತಾಯಿತು. "ನಮ್ ಛತ್ರ ಇರೋವಾಗ ಬೇರೆ ಕಡೆ ಯಾಕೆ" ಎಂದು ಎಲ್ಲರೆದುರು ಎದೆಯುಬ್ಬಿಸಿ ಹೇಳಿದವರು ಚಿಕ್ಕಪ್ಪನೇ. ಆ ಶನಿವಾರ ಭಾನುವಾರವನ್ನು ನನ್ನ ಕೈಯಾರೆ ಕಂಪ್ಯೂಟರಿಗೆ ಹಾಕಿದೆ. ಖುಷಿಯಾಗಿತ್ತು, ಸುಳ್ಳು ಯಾಕೆ ಹೇಳಲಿ. ಲಗ್ನಪತ್ರಿಕೆ ಅಚ್ಚಾಗಿ, ಅರ್ಧ ಊರಿಗೆ ಹಂಚಿದ ಮೇಲೆ ಒಂದು ಮಧ್ಯಾಹ್ನ ಚಿಕ್ಕಪ್ಪ ಮನೆಗೆ ಬಂದರು. ಮುದ್ದೆ, ಬಸ್ಸಾರು ಎರಡೆರಡು ಸಲ ಹಾಕಿಸಿಕೊಂಡು ಉಂಡರು. ಮಜ್ಜಿಗೆ ಬಡಿಸುತ್ತಿದ್ದ ನನ್ನ ಮುಖ ನೋಡದೆ ಅಪ್ಪನಿಗೆ ಹೇಳಿದರು.

"ಅಣ್ಣಾ, ಅದೇ ಮುಹೂರ್ತಕ್ಕೆ ದೊಡ್ಡೋರ ಮನೆಯಿಂದ ಕೇಳವ್ರೆ. ಇಲ್ಲ ಅನ್ನೋಕಾಗಲಿಲ್ಲ, ಬರ್ಕೊಂಬಿಟ್ಟೆ. ನಮ್ ಹುಡುಗಿ ತಾನೆ, ಅಡ್ಜಸ್ಟ್ ಮಾಡ್ಕತಾಳೆ."

ಅಪ್ಪ ಲೋಟ ಮುಂದಿಟ್ಟು ಮಜ್ಜಿಗೆ ಹಾಕಿಸಿಕೊಂಡರು. ತಮ್ಮನ ಮುಂದೆ ದೊಡ್ಡದನಿ ಮಾಡುವುದನ್ನು ಅವರು ಯಾವಾಗಲೋ ಬಿಟ್ಟಿದ್ದರು.

"ನಂದು ಮೊದಲು ಬರ್ದಿದ್ದು ಚಿಕ್ಕಪ್ಪ" ಎಂದೆ.

"ಹೂಂ ಕಣವ್ವ, ಯಾರಿಲ್ಲ ಅಂದೋರು? ಮನೆಯೋಳು ಅಂತಾನೆ ನಿನ್ನ ಕೇಳ್ತಿರೋದು."

ಅವರು ಕೇಳಿರಲಿಲ್ಲ. ಬರೆದುಕೊಂಡು ಬಂದು ಹೇಳುತ್ತಿದ್ದರು.

ಮದುವೆ ಊರಿನ ಸಮುದಾಯ ಭವನದಲ್ಲಿ ಆಯಿತು. ತಗಡಿನ ಮಾಡು, ಒಳಗೆ ಒಲೆಯ ಮುಂದೆ ನಿಂತ ಹಾಗೆ ಸೆಕೆ, ಅರ್ಧ ಜನಕ್ಕೆ ಹೊರಗೆ ಶಾಮಿಯಾನದಲ್ಲಿ ಊಟ. ಅದನ್ನು ನಾನು ಎಂದೋ ಮರೆತುಬಿಡುತ್ತಿದ್ದೆ. ಮರೆಯಲಾಗದ್ದು ಬೇರೆ. ಧಾರೆ ಮುಗಿದು ಬಾಸಿಂಗ ಕಟ್ಟಿಕೊಂಡೇ ಕೂತಿದ್ದಾಗ ಅತ್ತೆ ಪಕ್ಕಕ್ಕೆ ಬಂದು ನನ್ನ ಬೆನ್ನು ಸವರಿದರು. "ಬೇಜಾರ್ ಮಾಡ್ಕೋಬೇಡಮ್ಮ. ಕಂಪ್ಯೂಟರ್ ಅಂದ್ಮೇಲೆ ತಪ್ಪಾಗ್ತದೆ. ನಿಮ್ ಚಿಕ್ಕಪ್ಪ ಎಲ್ಲಾ ಹೇಳಿದ್ರು."

ಚಿಕ್ಕಪ್ಪ ಗಂಡಿನ ಮನೆಗೆ ಹೋಗಿ ಹೇಳಿದ್ದು ಇಷ್ಟು. ಹುಡುಗಿ ಮಾಡಿದ ಸಾಫ್ಟ್‌ವೇರ್ ಒಂದೇ ದಿನವನ್ನು ಇಬ್ಬರಿಗೆ ಕೊಟ್ಟುಬಿಟ್ಟಿದೆ, ಮನೆಮಗು, ಬೈಯೋಕೂ ಮನಸ್ಸು ಬರಲ್ಲ. ಛತ್ರವನ್ನು ಆ ದೊಡ್ಡೋರಿಗೆ ಕೊಟ್ಟು, ಗೂಬೆಯನ್ನು ನನ್ನ ಮೇಲೆ ಕೂರಿಸಿ, ತಾವು ದೊಡ್ಡ ಮನಸ್ಸಿನವರಾಗಿ ಎದ್ದು ಬಂದಿದ್ದರು. ಬಾಸಿಂಗ ಕಟ್ಟಿದ ಮದುಮಗಳು ಬೀಗರ ಮುಂದೆ ವಾದ ಮಾಡುವ ಹಾಗಿಲ್ಲ.

ಗಂಡನಿಗೆ ಎಲ್ಲ ಹೇಳಿದೆ. ಅವರು ನಂಬಿದರು. "ಈಗ ಯಾರ್ ಯಾರಿಗೆ ಹೇಳ್ಕೊಂಡು ತಿರುಗ್ತೀಯಾ, ಬಿಡು" ಎಂದರು. ಒಮ್ಮೆ ಅವರೆಕಾಯಿ ಸುಲಿಯುತ್ತಾ ಅತ್ತೆಗೂ ಬಿಡಿಸಿ ಹೇಳಿದೆ: ಬೇಡ ಎನ್ನುವ ಡೇಟಾಬೇಸೂ ಇರುತ್ತದೆ, ನಾನು ಅದನ್ನೇ ಹಾಕುತ್ತೇನೆಂದೆ, ಚಿಕ್ಕಪ್ಪ ಬೇಡವೆಂದರು. ಅತ್ತೆ ಪೂರ್ತಿ ಕೇಳಿಸಿಕೊಂಡರು. "ಹಂಗಾದ್ರೆ ನೀನು ಅದನ್ನೇ ಹಾಕ್ಬೇಕಿತ್ತಲ್ವಾ? ತಿಳಿದೋಳು ನೀನು" ಎಂದರು. ಆಮೇಲೆ ನಾನು ಆ ಮಾತೆತ್ತಲಿಲ್ಲ.

ಹೋದ ತಿಂಗಳು ಚಿಕ್ಕಪ್ಪ, ತಮ್ಮ ಛತ್ರದಲ್ಲೇ ನಡೆಯುವ ಮಗಳ ಮದುವೆಗೆ ಕರೆಯಲು ಬಂದರು. ಅತ್ತೆ ಕಾಫಿ ಕೊಟ್ಟರು. ಕುಂಕುಮ ಕೊಟ್ಟು ಪತ್ರಿಕೆ ಕೈಗಿಟ್ಟ ಮೇಲೆ ಚಿಕ್ಕಪ್ಪ ಕುರ್ಚಿಯನ್ನು ನನ್ನ ಕಡೆಗೆ ಎಳೆದುಕೊಂಡರು.

"ಅವತ್ತು ತೋರಿಸಿದ್ದೆಯಲ್ಲವ್ವ, ಬೇಡ ಅಂತಿತ್ತಲ್ಲ, ಅದನ್ನ ಆ ಒಂದ್ ದಿನಕ್ಕೆ ಹಾಕ್ಕೊಡು. ದೊಡ್ಡೋರು ಫೋನ್ ಮಾಡಿದ್ರೆ ನನ್ ಬಾಯಲ್ಲಿ ಇಲ್ಲ ಅನ್ನೋಕಾಗಲ್ಲ. ಕಂಪ್ಯೂಟರ್ ಒಪ್ತಿಲ್ಲ ಸಾರ್ ಅಂದ್ಬಿಡ್ತೀನಿ."

ಇಷ್ಟು ವರ್ಷ ಅವರಿಗೆ ಎಲ್ಲವೂ ನೆನಪಿತ್ತು, ಅವತ್ತು ನಕ್ಕು ಆಡಿದ್ದ ಆ ಮಾತೂ ಸಹ.

"ಒಂದು ದಿನಕ್ಕೆ ಹಾಕಲ್ಲ ಚಿಕ್ಕಪ್ಪ. ಹಾಕಿದ್ರೆ ಎಲ್ಲಾ ದಿನಕ್ಕೂ, ನಿಮ್ ಪಾಸ್‌ವರ್ಡಿಗೂ" ಎಂದೆ. ಒಂದೇ ದಿನಕ್ಕೆ ಮಾಡಲು ಬರುವುದಿಲ್ಲವೇ ಎಂದರೆ, ಬರುತ್ತದೆ. ನಾನು ಮಾಡಲಿಲ್ಲ.

ಚಿಕ್ಕಪ್ಪ ಸ್ವಲ್ಪ ಹೊತ್ತು ಲೆಕ್ಕ ಹಾಕಿದರು. "ಎಲ್ಲಾ ದಿನಕ್ಕೂ ಅಂದ್ರೆ ಆಗಲ್ಲವ್ವ. ಹೋಗ್ಲಿ ಬಿಡು, ಮ್ಯಾನೇಜರಿಗೆ ಹೇಳಿ ನೋಡ್ಕತೀನಿ" ಎಂದು ಎದ್ದರು. ಮಗಳ ಮದುವೆಗೂ ಅವರು ಆ ಬಾಗಿಲು ಮುಚ್ಚಲು ಒಪ್ಪಲಿಲ್ಲ.

ಅತ್ತೆ ಇದನ್ನೆಲ್ಲ ಅಲ್ಲೇ ನಿಂತು ಕೇಳಿದ್ದರು. ಈಗಲಾದರೂ ಗೊತ್ತಾಗಿರುತ್ತದೆ ಎಂದುಕೊಂಡೆ. ಮುಂದಿನ ವಾರ ಹೊಸಕೋಟೆಯ ನೆಂಟರು ಬಂದರು, ಕಾಫಿಯಾಯಿತು, ಛತ್ರದ ಕಥೆಯಾಯಿತು, ಎಲ್ಲರೂ ನಕ್ಕರು. ನಗು ನಿಂತ ಮೇಲೆ ಅತ್ತೆ ದನಿ ತಗ್ಗಿಸಿದರು.

"ಪಾಪ, ಇವಳ ಚಿಕ್ಕಪ್ಪ ಮನಸ್ಸಲ್ಲಿ ಏನೂ ಇಟ್ಕೊಂಡಿಲ್ಲ. ಮೊನ್ನೆ ಮಗಳ ಮದ್ವೆಗೆ ಒಂದೇ ಒಂದ್ ದಿನಕ್ಕೆ ಸರಿ ಮಾಡ್ಕೊಡಮ್ಮ ಅಂತ ಮನೆತಂಕ ಬಂದು ಕೇಳಿದ್ರು. ಇವಳಿಗೆ ಮಾಡೋಕೆ ಬರ್ಲಿಲ್ಲ."