ಚಾಲಕಿಯ ಸೀಟಿನಡಿಯ ಹಸಿರು ದೀಪ

ಭದ್ರಾವತಿಯ ಜನ್ನಾಪುರದ ಶೇಷಪ್ಪ ಕಾರಿನ ಕಾಯಿಲೆಯನ್ನು ಮೊದಲು ಕಿವಿಯಿಂದ ಹಿಡಿಯುತ್ತಿದ್ದ. ಹದಿನೇಳನೇ ವಯಸ್ಸಿನಲ್ಲಿ ಕಾರಿನ ವೈರಿಂಗ್ ಕೆಲಸ ಕಲಿಯಲು ಕೂತವನಿಗೆ ಈಗ ಐವತ್ತನಾಲ್ಕು. ಎರಡು ಕಾರು ನಿಲ್ಲುವಷ್ಟು ತಗಡಿನ ಮಾಡು, ಒಂದು ಹಲಗೆ ಮೇಜು, ಎದುರಿಗೆ ಹೊಂಗೆ ಮರ, ಇಷ್ಟೇ ಅವನ ಗ್ಯಾರೇಜು. ಎರಡು ವೈರು ಸೇರಿಸಿ ಟೇಪು ಸುತ್ತಿದ ಮೇಲೆ ಮೇಣ ಹಚ್ಚಿದ ದಾರದಿಂದ ಬಿಗಿದು ಗಂಟು ಹಾಕುವುದು ಅವನ ರೂಢಿ. ಬೇಸಿಗೆಯಲ್ಲಿ ಟೇಪು ಬಿಟ್ಟುಕೊಳ್ಳುತ್ತದೆಂದು ಗುರು ಹೇಳಿಕೊಟ್ಟದ್ದು. ಆ ಊರಿನಲ್ಲಿ ಬೇರೆ ಯಾರೂ ಅಷ್ಟು ತಾಳ್ಮೆ ಇಟ್ಟುಕೊಂಡಿರಲಿಲ್ಲ.

ಕಳೆದ ವರ್ಷ ಫೆಬ್ರವರಿಯ ಒಂದು ಭಾನುವಾರ ಹೊಸಮನೆಯ ಸುಭದ್ರಮ್ಮ ಫೋನ್ ಮಾಡಿದರು.

"ಶೇಷಪ್ಪ, ನಮ್ಮ ಸುಮನಾ ಶಿವಮೊಗ್ಗದಿಂದ ಬಂದಿದ್ಲು. ಹೊರಡೋಣ ಅಂದ್ರೆ ಕಾರು ಸ್ಟಾರ್ಟೇ ಆಗ್ತಿಲ್ಲ. ಸ್ವಲ್ಪ ಬಂದು ನೋಡು ಮಾರಾಯ."

ಶೇಷಪ್ಪ ಹೋಗಿ ಕೀಲಿ ತಿರುಗಿಸಿದ. ಇಂಜಿನ್ ಗರಗರನೆ ಜೋರಾಗಿಯೇ ತಿರುಗಿತು, ಹತ್ತಿಕೊಳ್ಳಲಿಲ್ಲ. ಬ್ಯಾಟರಿ ಗಟ್ಟಿಯಾಗಿದೆ, ಸೆಲ್ಫ್ ಸರಿಯಾಗಿದೆ. ಹಾಗಾದರೆ ಪೆಟ್ರೋಲ್ ಬರುತ್ತಿಲ್ಲ, ಇಲ್ಲವೇ ಕಿಡಿ ಬರುತ್ತಿಲ್ಲ. ಅವನು ಬಾನೆಟ್ ಎತ್ತುವಾಗ ಸುಮನಾಳ ಫೋನ್ ಹೊಡೆದುಕೊಂಡಿತು.

"ಹೂಂ ರೀ, ಅಮ್ಮನ ಮನೇಲೇ ಇದೀನಿ. ಮೆಕ್ಯಾನಿಕ್ ಬಂದಿದಾರೆ," ಎಂದಳು.

ಎರಡು ನಿಮಿಷ ಬಿಟ್ಟು ಶೇಷಪ್ಪ ಮತ್ತೆ ಕೀಲಿ ತಿರುಗಿಸಿದ. ಕಾರು ಏನೂ ಆಗಿಲ್ಲವೆಂಬಂತೆ ಸ್ಟಾರ್ಟ್ ಆಯಿತು. ಕೈ ಹಚ್ಚದೆ ವಾಸಿಯಾದ ಕಾಯಿಲೆಯನ್ನು ಅವನು ನಂಬುತ್ತಿರಲಿಲ್ಲ. ಇಂಜಿನ್ ಕಾದಾಗ ಸೆನ್ಸರ್ ಒಂದು ಸುಮ್ಮನಾಗಿಬಿಡುವುದುಂಟು. ಅದೇ ಇರಬೇಕೆಂದು ಆ ವಾರವೇ ಅದನ್ನು ಬದಲಾಯಿಸಿಕೊಟ್ಟ.

ಮೂರು ವಾರ ಕಳೆದು ಸುಮನಾ ಫೋನ್ ಮಾಡಿದಳು. ಶಿವಮೊಗ್ಗದ ನವುಲೆಯಲ್ಲಿ ಗೆಳತಿಯ ಮನೆಯೆದುರು ಮತ್ತೆ ಹಾಗೇ ಆಯಿತಂತೆ. ಗಂಡ ದುಶ್ಯಂತ್ ಬಂದು ಕೀಲಿ ತಿರುಗಿಸಿದ ಕೂಡಲೇ ಸ್ಟಾರ್ಟ್ ಆಯಿತಂತೆ.

"ಅವರ ಕೈಲಿ ಯಾವಾಗ್ಲೂ ಆಗುತ್ತೆ ಶೇಷಣ್ಣ. ನಿಂಗೆ ಗಾಡಿ ಓಡ್ಸಕ್ಕೇ ಬರಲ್ಲ ಅಂತಾರೆ. ಈಗೀಗ ನಂಗೂ ಹಂಗೇ ಅನ್ಸುತ್ತೆ."

"ಓಡ್ಸಕ್ಕೆ ಬರದಿದ್ರೆ ಕಾರು ದಾರೀಲಿ ಆಫ್ ಆಗುತ್ತೆ ಕಣಮ್ಮ, ಸ್ಟಾರ್ಟ್ ಆಗದೆ ನಿಲ್ಲಲ್ಲ. ಒಂದ್ ಕೆಲ್ಸ ಮಾಡು. ಎಲ್ಲಿ, ಎಷ್ಟೊತ್ತಿಗೆ ಹಿಂಗಾಗುತ್ತೆ ಅಂತ ಒಂದು ಚೀಟೀಲಿ ಬರೀತಾ ಬಾ."

ಏಪ್ರಿಲ್‌ನ ಒಂದು ಶನಿವಾರ ಮಧ್ಯಾಹ್ನ ಅವಳು ಚೀಟಿ ಹಿಡಿದು ಗ್ಯಾರೇಜಿಗೆ ಬಂದಳು. ನಾಲ್ಕು ಸಲ ಹಾಗಾಗಿತ್ತು. ಅಮ್ಮನ ಮನೆ, ಗೆಳತಿಯ ಮನೆ, ಒಬ್ಬ ಮಹಿಳಾ ವಕೀಲರ ಆಫೀಸು, ಮತ್ತೆ ಅಮ್ಮನ ಮನೆ. ಶಿವಮೊಗ್ಗದ ಗೋಪಾಳದಲ್ಲಿದ್ದ ಅವಳ ಮನೆಯಲ್ಲಿ ಒಂದು ಸಲವೂ ಇಲ್ಲ. ಅವಳು ಲ್ಯಾಬ್ ಟೆಕ್ನಿಷಿಯನ್ ಆಗಿದ್ದ ವಿನೋಬನಗರದ ಕ್ಲಿನಿಕ್ಕಿನಲ್ಲಿಯೂ ಇಲ್ಲ. ಪ್ರತಿ ಸಾಲಿನ ಕೊನೆಯಲ್ಲಿ, ಶೇಷಪ್ಪ ಕೇಳದಿದ್ದರೂ, ಅವಳು ಸಣ್ಣಕ್ಷರದಲ್ಲಿ ಬರೆದಿದ್ದಳು: ಅವರ ಫೋನ್ ಬಂತು.

ಶೇಷಪ್ಪ ಚೀಟಿಯನ್ನು ಎರಡು ಸಲ ಓದಿದ. ಕಾದ ಸೆನ್ಸರಿಗೆ ಅಮ್ಮನ ಮನೆಯೂ ಕ್ಲಿನಿಕ್ಕೂ ಒಂದೇ. ಈ ಕಾಯಿಲೆಗೆ ಜಾಗದ ಗುರುತಿತ್ತು.

"ಒಳಗೆ ಹಾಕು ಕಾರು," ಎಂದ.

ಅವಳು ಕೀಲಿ ತಿರುಗಿಸಿದಳು. ಗರಗರ ಸದ್ದು ಬಂತು, ಇಂಜಿನ್ ಹತ್ತಲಿಲ್ಲ. ಶೇಷಪ್ಪ ಇದಕ್ಕೇ ಕಾಯುತ್ತಿದ್ದ. ಈ ಕಾರುಗಳಲ್ಲಿ ಕೀಲಿಯನ್ನು ಒಂದು ಹಂತ ತಿರುಗಿಸಿದ ಕೂಡಲೇ ಹಿಂದಿನ ಸೀಟಿನಡಿಯಿಂದ ಪೆಟ್ರೋಲ್ ಪಂಪು ಎರಡು ಸೆಕೆಂಡು ಗುಂಯ್ ಎನ್ನಬೇಕು. ಅವನು ಹಿಂದಿನ ಸೀಟಿಗೆ ಕಿವಿಯಿಟ್ಟ. ಸದ್ದಿಲ್ಲ. ಫ್ಯೂಸು ನೋಡಿದ, ಸರಿಯಿತ್ತು. ಬಾನೆಟ್ಟಿನ ಕಡೆಯಿಂದ ಕರೆಂಟು ಹೊರಡುತ್ತಿತ್ತು, ಪಂಪಿಗೆ ಮುಟ್ಟುತ್ತಿರಲಿಲ್ಲ. ನಡುವೆ ಎಲ್ಲೋ ದಾರಿ ತುಂಡಾಗಿದೆ. ಟೆಸ್ಟ್ ಲ್ಯಾಂಪ್ ಹಿಡಿದು ವೈರಿನ ಗುಂಟ ಬಂದ ಅವನು ಚಾಲಕಿಯ ಸೀಟಿನಡಿಯ ಮ್ಯಾಟು ಎತ್ತಿದ.

ಬೆಂಕಿಪೊಟ್ಟಣದಷ್ಟು ಕಪ್ಪು ಡಬ್ಬಿ. ಅದರಲ್ಲಿ ಹಸಿರು ದೀಪವೊಂದು ಮಿಣುಕುತ್ತಿತ್ತು. ಪಕ್ಕದಲ್ಲಿ ಪಂಪಿನ ವೈರನ್ನು ಕತ್ತರಿಸಿ ಕೂರಿಸಿದ ರಿಲೇ, ಕರೆಂಟನ್ನು ಬಿಡುವ, ತಡೆಯುವ ಪುಟ್ಟ ಸ್ವಿಚ್ಚು. ಕಾರು ಎಲ್ಲಿದೆಯೆಂದು ಮೊಬೈಲಿನಲ್ಲಿ ತೋರಿಸುವ, ಮೊಬೈಲಿನಿಂದಲೇ ಕಾರನ್ನು ನಿಲ್ಲಿಸುವ ಸಾಮಾನು ಅದು. ಅದನ್ನು ಜೋಡಿಸಿದ ಕಡೆ ಟೇಪಿನ ಮೇಲೆ ಮೇಣದ ದಾರದ ಬಿಗಿಯಾದ ಗಂಟಿತ್ತು.

ಶೇಷಪ್ಪ ಅದರ ಮೇಲೆ ಬೆರಳಾಡಿಸಿದ. ಏನು ಮಾಡುತ್ತಿದ್ದೇನೆಂದು ತಿಳಿಯುವ ಮೊದಲೇ ಅವನು ಡಬ್ಬಿಯ ಪ್ಲಗ್ಗನ್ನು ಎಳೆದುಬಿಟ್ಟಿದ್ದ.

ಸುಮನಾಳ ಫೋನ್ ಹೊಡೆದುಕೊಂಡಿತು.

"ಜನ್ನಾಪುರದಲ್ಲಿ ಏನ್ ಮಾಡ್ತಿದೀಯಾ?" ಗಂಡಸಿನ ಧ್ವನಿ ಹೊರಗೂ ಕೇಳುತ್ತಿತ್ತು. "ಬ್ಯಾಟರಿ ಯಾಕೆ ಬಿಚ್ಚಿಸ್ತಿದೀಯಾ?"

"ಗ್ಯಾರೇಜಿಗೆ ತಂದಿದೀನಿ ರೀ. ಚೆಕ್ ಮಾಡ್ತಿದಾರೆ ಅಷ್ಟೆ." ಅವಳ ದನಿ ಸಮವಾಗಿತ್ತು.

ಶೇಷಪ್ಪ ಪ್ಲಗ್ಗನ್ನು ಮತ್ತೆ ಚುಚ್ಚಿದ. ಹಸಿರು ದೀಪ ಹೊತ್ತಿಕೊಂಡಿತು. ತುಟಿಯ ಮೇಲೆ ಬೆರಳಿಟ್ಟು ಅವಳನ್ನು ಹೊಂಗೆ ಮರದ ತನಕ ಕರೆದುಕೊಂಡು ಹೋದ.

"ಕೆಲವದ್ರಲ್ಲಿ ಮಾತು ಕೇಳೋ ಮೈಕೂ ಇರುತ್ತಮ್ಮ, ಅದಕ್ಕೇ ಇಲ್ಲಿಗೆ ಕರೆದೆ," ಎಂದು ಕಂಡದ್ದನ್ನೆಲ್ಲ, ಡಬ್ಬಿಗೆ ಕರೆಂಟು ತಪ್ಪಿದರೆ ದುಶ್ಯಂತನ ಮೊಬೈಲಿಗೆ ಕೂಡಲೇ ಸುದ್ದಿ ಹೋಗುವುದನ್ನೂ ಹೇಳಿದ. ಆಮೇಲೆ, "ಅದನ್ನ ಕೂರಿಸ್ದೋನು ನಾನೇ," ಎಂದ.

ಎರಡು ವರ್ಷದ ಹಿಂದೆ ಅವನು ಶಿವಮೊಗ್ಗದ ಒಂದು ಕಾರ್ ಅಂಗಡಿಯಲ್ಲಿ ಕೆಲವು ತಿಂಗಳು ದುಡಿದಿದ್ದ. ಅಂಥ ಡಬ್ಬಿಗಳನ್ನು ದಿನಕ್ಕೆರಡು ಮೂರು ಕೂರಿಸಿದ್ದುಂಟು. ಕಳ್ಳರ ಭಯ ಎನ್ನುತ್ತಿದ್ದರು ಎಲ್ಲರೂ. ಎಷ್ಟೋ ಬೂದು ಬಣ್ಣದ ಕಾರುಗಳಲ್ಲಿ ಇದೂ ಒಂದಾಗಿತ್ತು.

"ಕಾರು ಯಾರು ಓಡಿಸ್ತಾರೆ ಅಂತ ನಾನು ಕೇಳ್ಲಿಲ್ಲಮ್ಮ. ಈಗ್ಲೇ ಕಿತ್ತು ಬಿಸಾಕ್ಲಾ?"

ಸುಮನಾ ಕಾರಿನ ಕಡೆ ನೋಡಿದಳು. "ಬೇಡ ಶೇಷಣ್ಣ. ಮಗಳು ಮನೇಲಿದಾಳೆ. ಇವತ್ತು ಬೇಡ. ಮುಚ್ಚಿಬಿಡಿ."

ಅವನು ಮ್ಯಾಟು ಮುಚ್ಚಿದ. ಸ್ವಲ್ಪ ಹೊತ್ತು ಬಿಟ್ಟು ಕೀಲಿ ತಿರುಗಿಸಿದರೆ ಕಾರು ಸ್ಟಾರ್ಟ್ ಆಯಿತು. ಅಂದರೆ ಅಲ್ಲಿ ಶಿವಮೊಗ್ಗದಲ್ಲಿ ಯಾರೋ ಅಪ್ಪಣೆ ಕೊಟ್ಟಿದ್ದರು.

ಆಮೇಲಿನ ಹನ್ನೊಂದು ದಿನ ಶೇಷಪ್ಪನಿಗೆ ಊಟ ಸೇರಲಿಲ್ಲ. ಹೆಂಡತಿ ಹೂವಮ್ಮನಿಗೆ ಎಲ್ಲವನ್ನೂ ಹೇಳಿದ. "ಕೂರಿಸೋವಾಗ ಕೈ ಹಾಕಿದೋರು ತೆಗೆಯೋವಾಗ ಹಿಂದೆ ಸರೀಬೇಡಿ," ಎಂದಳು ಅವಳು.

ಗುರುವಾರ ಬೆಳಿಗ್ಗೆ ಹತ್ತಕ್ಕೆ ಸುಮನಾ ಬಂದಳು. ಹಿಂದಿನ ಸೀಟಿನಲ್ಲಿ ಸ್ಕೂಲ್ ಯೂನಿಫಾರಮ್ಮಿನ ಆರು ವರ್ಷದ ಮಗಳು, ಒಂದು ಬಟ್ಟೆಯ ಬ್ಯಾಗು. ಡಬ್ಬಿಗೆ ಕೇಳಿಸೀತೆಂದು ಯಾರೂ ಮಾತಾಡಲಿಲ್ಲ. ಶೇಷಪ್ಪ ಹಳೆಯ ಬ್ಯಾಟರಿಯೊಂದನ್ನು ಎತ್ತಿ ತಂದು, ಅದರಿಂದ ವೈರು ಎಳೆದು ಮೊದಲು ಡಬ್ಬಿಗೆ ಜೋಡಿಸಿದ. ಆಮೇಲಷ್ಟೇ ಅದಕ್ಕೂ ಕಾರಿಗೂ ಇದ್ದ ನಂಟು ಕತ್ತರಿಸಿದ. ಹಸಿರು ದೀಪ ಒಂದು ಕ್ಷಣವೂ ಆರಲಿಲ್ಲ. ಸುಮನಾಳ ಫೋನ್ ಹೊಡೆದುಕೊಳ್ಳಲಿಲ್ಲ. ಡಬ್ಬಿ, ರಿಲೇ ಎರಡನ್ನೂ ಮೇಜಿನ ಮೇಲಿಟ್ಟು ಪಂಪಿನ ವೈರನ್ನು ಮೊದಲಿದ್ದಂತೆ ಕೂಡಿಸಿದ.

ಸುಮನಾ ಮೊಬೈಲನ್ನು ಆಫ್ ಮಾಡಿದಳು. ಕಾರು ಮೊದಲ ಸಲಕ್ಕೇ ಸ್ಟಾರ್ಟ್ ಆಯಿತು. ಎಲ್ಲಿಗೆ ಹೋಗುತ್ತಿದ್ದಾಳೆಂದು ಶೇಷಪ್ಪ ಕೇಳಲಿಲ್ಲ, ಅವಳೂ ಹೇಳಲಿಲ್ಲ. ಹೊಂಗೆ ಮರ ದಾಟಿ ಕಾರು ತಿರುಗಿದ್ದಷ್ಟೇ ಕಂಡಿತು.

ಹನ್ನೊಂದೂ ಹತ್ತಕ್ಕೆ ಮೇಜಿನ ಮೇಲಿದ್ದ ರಿಲೇ 'ಟಿಕ್' ಎಂದಿತು. ಶೇಷಪ್ಪ ಬೆಚ್ಚಿದ. ದೂರದಲ್ಲೆಲ್ಲೋ ದುಶ್ಯಂತ್ ಕಾರನ್ನು ನಿಲ್ಲಿಸುವ ಗುಂಡಿ ಒತ್ತಿದ್ದ. ಹನ್ನೆರಡಕ್ಕೆ ಮತ್ತೆ ಟಿಕ್. ಆಮೇಲೆ ಐದೈದು ನಿಮಿಷಕ್ಕೊಮ್ಮೆ ಟಿಕ್, ಟಿಕ್. ಒಂದು ಏಟಿಗೆ ಡಬ್ಬಿಯನ್ನು ಒಡೆದುಹಾಕಬಹುದಿತ್ತು. ಆದರೆ ಅದು ಅಲ್ಲಿ ಮಿಣುಕಿದಷ್ಟು ಹೊತ್ತು ದುಶ್ಯಂತನ ಮೊಬೈಲಿನಲ್ಲಿ ಕಾರು ಗ್ಯಾರೇಜಿನಲ್ಲೇ ಇತ್ತು, ಸುಮನಾಳಿಗೆ ದಾರಿ ಸವೆಯುತ್ತಿತ್ತು. ಅವನು ಬೇರೆ ಕೆಲಸ ಮುಟ್ಟದೆ ಅದರ ಎದುರೇ ಕೂತ.

ಎರಡು ಗಂಟೆಗೆ ದುಶ್ಯಂತ್ ಬಂದ. ಇಸ್ತ್ರಿ ಮಾಡಿದ ಅಂಗಿ, ಮೆಲುದನಿ. ಗ್ಯಾರೇಜಿನೊಳಗೆ ಕಾರು ಹುಡುಕಿದ. ಕೈಯಲ್ಲಿದ್ದ ಮೊಬೈಲ್ ನೋಡಿದ. ಮೇಜಿನ ಮೇಲಿನ ಹಸಿರು ದೀಪ ನೋಡಿದ.

"ಇದನ್ನ ಹಾಕ್ಕೊಟ್ಟಿದ್ದು ನೀವೇ ಅಲ್ವಾ?"

"ನಾನೇ ಹಾಕಿದ್ದು. ನಾನೇ ತೆಗ್ದೆ."

"ಅವಳು ಎಲ್ಲಿ?"

"ಗೊತ್ತಿಲ್ಲ."

ದುಶ್ಯಂತ್ ಕೂಗಾಡಲಿಲ್ಲ. ಡಬ್ಬಿಯನ್ನು ಕೈಗೆತ್ತಿಕೊಂಡು ವೈರು ಕಿತ್ತ, ಕರವಸ್ತ್ರದಲ್ಲಿ ಸುತ್ತಿ ಜೇಬಿಗಿಟ್ಟುಕೊಂಡ. "ನಿಮ್ಮನೆ ಈ ಹಿಂದಿನ ಬೀದೀಲೇ ಅಲ್ವಾ ಶೇಷಪ್ಪನೋರೇ? ನೀಲಿ ಗೇಟು," ಎಂದು ಹೇಳಿ ಹೊರಟ. ಅವನಿಗೆ ಅದು ಹೇಗೆ ತಿಳಿಯಿತೋ ಶೇಷಪ್ಪನಿಗೆ ಇವತ್ತಿಗೂ ಗೊತ್ತಿಲ್ಲ.

ತಿಂಗಳಾದ ಮೇಲೆ ಮಹಿಳಾ ಪೊಲೀಸ್ ಠಾಣೆಯಿಂದ ಕರೆ ಬಂತು. ಸುಮನಾ ಬೇರೆ ಊರಿನಲ್ಲಿ ಕೆಲಸಕ್ಕೆ ಸೇರಿದ್ದಳು, ಮಗಳನ್ನು ಅಲ್ಲೇ ಶಾಲೆಗೆ ಹಾಕಿದ್ದಳು, ದೂರು ಕೊಟ್ಟಿದ್ದಳು. ಶೇಷಪ್ಪ ತಾನು ಕೂರಿಸಿದ್ದನ್ನೂ ತೆಗೆದದ್ದನ್ನೂ ಒಂದೂ ಬಿಡದೆ ಹೇಳಿ ಸಹಿ ಹಾಕಿ ಬಂದ. ಕೇಸು ನಡೆಯುತ್ತಿದೆ. ದುಶ್ಯಂತ್ ಊರಿನಲ್ಲೇ ಇದ್ದಾನೆ. ಒಮ್ಮೆ ಶಿವಮೊಗ್ಗ ಬಸ್ ಸ್ಟ್ಯಾಂಡಿನಲ್ಲಿ ಎದುರಾಗಿ ನಕ್ಕು ನಮಸ್ಕಾರ ಮಾಡಿದ. ಅಂದಿನಿಂದ ಹೂವಮ್ಮ ಮಧ್ಯಾಹ್ನ ಮನೆಯಲ್ಲಿ ಒಬ್ಬಳೇ ಇರುವುದಿಲ್ಲ, ಹೊಲಿಗೆ ತಂದು ಗ್ಯಾರೇಜಿನಲ್ಲಿ ಕೂರುತ್ತಾಳೆ.

ಅಂಥ ಡಬ್ಬಿ ಹಾಕಿಸಲು ಈಗಲೂ ಜನ ಬರುತ್ತಾರೆ. "ಕಾರು ಓಡಿಸೋರನ್ನ ಕರ್ಕೊಂಡ್ ಬನ್ನಿ, ಅವರೆದುರಿಗೇ ಹಾಕ್ತೀನಿ," ಎನ್ನುತ್ತಾನೆ ಶೇಷಪ್ಪ. ಕೆಲವರು ಕರೆತರುತ್ತಾರೆ. ಹೆಚ್ಚಿನವರು ಕಾರು ತಿರುಗಿಸಿಕೊಂಡು ಬೇರೆ ಅಂಗಡಿಗೆ ಹೋಗುತ್ತಾರೆ.