ಟೀ ಮಾಡಲು ಬಾರದ ಜೀನ್

ಇಂಗ್ಲೆಂಡಿನ ಲೀಡ್ಸ್‌ನಲ್ಲೇ ಹುಟ್ಟಿ ಬೆಳೆದು, ಐವತ್ತು ದಾಟಿದರೂ ಒಂದು ಕಪ್ ಟೀ ಮಾಡಲು ಬಾರದ ಹೆಂಗಸನ್ನು ನೀವು ನೋಡಿದ್ದೀರಾ? ನಾನು ನೋಡಿದ್ದೇನೆ. ಪಿಎಚ್‌ಡಿ ಮಾಡುತ್ತಾ ಮೂರು ವರ್ಷ ಅವರ ಮನೆಯ ಮಹಡಿಯಲ್ಲೇ ಬಾಡಿಗೆಗಿದ್ದೆ. ಜೀನ್ ಹುಟ್ಟಾ ಮಾರ್ಮನ್, ಅಂದರೆ ಕ್ರೈಸ್ತರಲ್ಲೇ ಒಂದು ಬೇರೆ ಪಂಥದವರು. ಅವರ ಧರ್ಮದಲ್ಲಿ ಟೀ, ಕಾಫಿ ಎರಡೂ ಕೂಡದು. ಮೊದಲ ದಿನ ಇದು ಗೊತ್ತಾಗಿ, ಕೈಯಲ್ಲಿದ್ದ ಕಾಫಿಪುಡಿ ಪೊಟ್ಟಣವನ್ನು ನಾನು ಎಲ್ಲಿ ಬಚ್ಚಿಡಲಿ ಎಂದು ಒದ್ದಾಡುತ್ತಿದ್ದರೆ, "ನನ್ನ ದೇವರು ನಿನ್ನ ಲೆಕ್ಕ ಕೇಳೋದಿಲ್ಲ ಲವ್, ಆರಾಮಾಗಿ ಕುಡಿ" ಎಂದು ನಕ್ಕರು. ಪೋಸ್ಟ್‌ಮ್ಯಾನಿನಿಂದ ಹಿಡಿದು ನನ್ನವರೆಗೆ ಎಲ್ಲರೂ ಅವರಿಗೆ ಲವ್ವೇ.

ಸೋಮವಾರ ಸಂಜೆ ಅವರ ಮನೆಯಲ್ಲಿ ಟಿವಿ ಬಂದ್. ಗಂಡ ತೀರಿಕೊಂಡಿದ್ದರು. ಜೀನ್, ಮಗ ಮಾರ್ಕ್, ಮಗಳು ರೂತ್ ಮೂವರೂ ಕೂತು ಪ್ರಾರ್ಥನೆ, ಹಾಡು, ಆಮೇಲೆ ಬಿಸಿಬಿಸಿ ಕಸ್ಟರ್ಡ್. ನನ್ನನ್ನೂ ಎಳೆದು ಕೂರಿಸುತ್ತಿದ್ದರು. ನಿಜ ಹೇಳಬೇಕೆಂದರೆ, ಕಸ್ಟರ್ಡ್ ಆಸೆಗೆ ನಾನು ಒಂದು ವಾರವೂ ತಪ್ಪಿಸಿಕೊಳ್ಳಲಿಲ್ಲ.

ಹತ್ತೊಂಬತ್ತು ತುಂಬಿದ ಹುಡುಗರು ಎರಡು ವರ್ಷ ಧರ್ಮಪ್ರಚಾರಕ್ಕೆ ಹೋಗಬೇಕೆಂಬುದು ಅವರಲ್ಲಿ ನಡೆದುಬಂದದ್ದು. ಮಾರ್ಕ್ ಒಲ್ಲೆ ಅಂದ. ನನಗೆ ಇದರಲ್ಲಿ ನಂಬಿಕೆಯೇ ಉಳಿದಿಲ್ಲ ಅಂದ. ಅಯ್ಯೋ, ಆಮೇಲೆ ಜೀನ್ ಬೇರೆಯೇ ಹೆಂಗಸಾಗಿಬಿಟ್ಟರು! ಭಾನುವಾರ ಬಂತೆಂದರೆ ಚರ್ಚಿಗೆಂದು ಇಸ್ತ್ರಿ ಮಾಡಿದ ಬಿಳಿ ಶರ್ಟು ಅವನ ಬಾಗಿಲಲ್ಲಿ ನೇತಾಡುತ್ತಿತ್ತು. "ಸತ್ತ ಮೇಲೂ ನಾವೆಲ್ಲ ಒಟ್ಟಿಗೇ ಇರ್ತೀವಿ ಅಂತ ನಂಬಿದವಳು ನಾನು. ಅಲ್ಲಿ ಅವನ ಅಪ್ಪ, ಮಾರ್ಕ್ ಎಲ್ಲಿ ಅಂತ ಕೇಳಿದರೆ ಏನು ಹೇಳಲಿ?" ಎಂದು ಅಳುತ್ತಿದ್ದರು. ಹುಡುಗ ಸಾಲ್ಫರ್ಡ್‌ನಲ್ಲಿ ಕೆಲಸ ಹಿಡಿದು ಹೊರಟೇ ಹೋದ.

ಒಮ್ಮೆ ಊಟಕ್ಕೆ ಬಂದ. ಬುದ್ಧಿ ಹೇಳಲಿ ಎಂದು ಜೀನ್ ಅವನಿಗೆ ತಿಳಿಸದೆ ಚರ್ಚಿನ ಇಬ್ಬರು ಹಿರಿಯರನ್ನು ಕರೆದಿದ್ದರು. ಅವರು ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ಮಾರ್ಕ್ ಚಮಚ ಕೆಳಗಿಟ್ಟು ಎದ್ದು ನಡೆದ. ಎರಡು ತಿಂಗಳು ಒಂದು ಫೋನೂ ಇಲ್ಲ. ಕೊನೆಗೊಂದು ದಿನ ನನಗೂ ರೇಗಿತು. "ಅವನು ಬಂದಿದ್ದು ಊಟಕ್ಕೆ ಜೀನ್, ವಿಚಾರಣೆಗಲ್ಲ" ಅಂದುಬಿಟ್ಟೆ. ಮೂರು ದಿನ ನನ್ನ ಹತ್ತಿರ ಮಾತಿಲ್ಲ.

ನಾಲ್ಕನೆಯ ದಿನ ಅಡುಗೆಮನೆಯಿಂದ ಕೂಗಿದರು. ಹೋಗಿ ನೋಡಿದರೆ, ಟೀ ಬ್ಯಾಗನ್ನು ಕತ್ತರಿಯಲ್ಲಿ ಕತ್ತರಿಸಿ, ಪುಡಿಯನ್ನೆಲ್ಲ ತಣ್ಣನೆ ಹಾಲಿಗೆ ಸುರಿದು ಕಲಕುತ್ತಾ ನಿಂತಿದ್ದಾರೆ! "ಮಾರ್ಕ್ ಈಗ ಟೀ ಕುಡೀತಾನಂತೆ, ರೂತ್ ಹೇಳಿದಳು. ನಾನು ರುಚಿ ನೋಡುವ ಹಾಗಿಲ್ಲ. ನೀನು ನೋಡಿ ಹೇಳು ಲವ್." ಒಂದು ಗುಟುಕಿಗೇ ನನ್ನ ಬಾಯಿ ತುಂಬಾ ಗಷ್ಟು. ನಾನು ನಕ್ಕೆ, ಅವರೂ ನಕ್ಕರು, ಆಮೇಲೆ ಇಬ್ಬರೂ ಅತ್ತೆವು. ಒಂದು ವಾರ ಕಲಿಸಿದೆ. ಶನಿವಾರ, ರೂತ್ ಕರೆದಳೆಂದು ಮಾರ್ಕ್ ಬಂದ. ಅಮ್ಮ ಮುಂದಿಟ್ಟ ಕಪ್ಪನ್ನು ಬಹಳ ಹೊತ್ತು ನೋಡಿ, ಒಂದು ತೊಟ್ಟೂ ಬಿಡದೆ ಕುಡಿದ. ಯಾರೂ ಧರ್ಮದ ಮಾತೆತ್ತಲಿಲ್ಲ.

ಮೊನ್ನೆ ಜೀನ್ ಹೋದ ಸುದ್ದಿ ಬಂತು. ನನಗೆ ಮೊದಲು ಕಣ್ಣಿಗೆ ಕಟ್ಟಿದ್ದು, ನಾನು ಊರಿಗೆ ಹೊರಡುವ ಹಿಂದಿನ ವಾರ ನಡೆದ ರೂತ್ ಮದುವೆ. ಕಾನೂನಿನ ಮದುವೆ ಚರ್ಚಿನಲ್ಲಿ ಎಲ್ಲರೆದುರು ಆಯಿತು. ಸತ್ತ ಮೇಲೂ ಜೋಡಿ ಒಟ್ಟಿಗಿರಲಿ ಎಂದು ಮಾಡುವ ನಿಜವಾದ ವಿಧಿ ನಡೆಯುವುದು ಲ್ಯಾಂಕಷೈರ್‌ನಲ್ಲಿರುವ ಅವರ ದೇವಾಲಯದಲ್ಲಿ. ಅದರೊಳಗೆ ನಂಬಿಕೆಯಲ್ಲಿ ಗಟ್ಟಿಯಾಗಿರುವವರಿಗೆ ಮಾತ್ರ ಪ್ರವೇಶ. ಅಣ್ಣನಾದರೂ ಮಾರ್ಕ್ ಹೊರಗೇ ಇರಬೇಕು. ನೆಂಟರೆಲ್ಲ ಒಬ್ಬೊಬ್ಬರಾಗಿ ಒಳಗೆ ಹೋದರು. ಹೋಗುತ್ತಾ ಒಬ್ಬ ಚಿಕ್ಕಮ್ಮ, "ಮನಸ್ಸು ಮಾಡಿದ್ದರೆ ನೀನೂ ಬರಬಹುದಿತ್ತಲ್ಲೋ" ಎಂದು ಚುಚ್ಚಿಯೇ ಹೋದರು. ತೋಟದ ಬೆಂಚಿನ ಮೇಲೆ ಮಾರ್ಕ್ ಮತ್ತು ನಾನು ಇಬ್ಬರೇ ಉಳಿದೆವು.

ಬಾಗಿಲವರೆಗೆ ಹೋಗಿದ್ದ ಜೀನ್ ವಾಪಸ್ ಬಂದು ಮಗನ ಪಕ್ಕ ಕೂತರು.

ಮಾರ್ಕ್ ಗಾಬರಿಯಾದ. "ಅಮ್ಮಾ, ಒಳಗೆ ಹೋಗು. ರೂತ್ ಕಾಯ್ತಾಳೆ."

"ಅವಳ ಜೊತೆ ಅಷ್ಟೂ ಜನ ಇದ್ದಾರೆ. ನಿನ್ನೆಯೇ ಅವಳಿಗೆ ಹೇಳಿದೆ, ನಾನು ಹೊರಗೆ ಮಾರ್ಕ್ ಜೊತೆ ಇರ್ತೀನಿ ಅಂತ."

"ಏನಂದಳು?"

"ಅತ್ತಳು. ಆಮೇಲೆ, ಹೊರಗೆ ಚಳಿ, ದಪ್ಪ ಕೋಟು ಹಾಕ್ಕೋ ಅಂದಳು."