ನೋಡದೆ ಹಾಕಿದ ಶಿಳ್ಳೆ

ನಟುಭಾಯಿ ಟ್ಯಾಂಕಿಗೆ ಇಳಿಯುವ ಮೊದಲು ಕೇಳುತ್ತಿದ್ದ ಪ್ರಶ್ನೆ ಒಂದೇ: "ಪರ್ಮಿಟ್ ಮೇಲೆ ಸಹಿ ಯಾರದು?"

ಸೂರತ್ತಿನ ಪಕ್ಕದ ಸಚಿನ್‌ನಲ್ಲಿ, ಒಂದು ರಾಸಾಯನಿಕ ಕಾರ್ಖಾನೆಯ ಟ್ಯಾಂಕುಗಳ ಒಳಗಿಳಿದು ತೊಳೆಯುವುದು ಅವನ ಕೆಲಸ. ವಯಸ್ಸು ಐವತ್ತು ದಾಟಿತ್ತು. ಸಹಿ ಬೇರೆ ಯಾರದಾದರೂ ಆದರೆ ಸೊಂಟಕ್ಕೆ ಹಗ್ಗ ಬಿಗಿದು, ಅದರ ತುದಿಯನ್ನು ಹೊರಗಿದ್ದವನ ಕೈಗೆ ಕೊಟ್ಟೇ ಇಳಿಯುತ್ತಿದ್ದ. ಸಹಿ ಅಚ್ಯುತನದಾದರೆ ಹಗ್ಗವನ್ನು ಪಕ್ಕಕ್ಕೆ ಎಸೆಯುತ್ತಿದ್ದ. "ಅಚ್ಯುತಭಾಯಿ ನೋಡಿದ್ದಾರೆ ಅಂದಮೇಲೆ ಹಗ್ಗ ಯಾಕೆ? ಬರೀ ಕಾಲಿಗೆ ತೊಡಕು" ಎನ್ನುತ್ತಿದ್ದ.

ಇಪ್ಪತ್ತಾರು ವರ್ಷಗಳ ನೌಕರಿಯಲ್ಲಿ ಅಚ್ಯುತನಿಗೆ ಸಿಕ್ಕ ದೊಡ್ಡ ಬಿರುದು ಅದು. ಅವನು ಆ ಕಾರ್ಖಾನೆಯ ಸುರಕ್ಷಾ ಅಧಿಕಾರಿ. ಒಳಗಿನ ದ್ರವಕ್ಕೆ ಬೆಂಕಿ ತಗುಲದಿರಲೆಂದು ಟ್ಯಾಂಕಿಗೆ ನೈಟ್ರೋಜನ್ ಬಿಟ್ಟಿರುತ್ತಾರೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಅದು ತುಂಬಿದ ಕಡೆ ಹೋದವನಿಗೆ ಉಸಿರುಗಟ್ಟಿದಂತೆಯೂ ಅನಿಸುವುದಿಲ್ಲ. ಎರಡು ಉಸಿರು ಎಳೆಯುತ್ತಾನೆ, ಮೊಣಕಾಲು ಮಡಚುತ್ತದೆ, ಅಷ್ಟೆ. ಆದ್ದರಿಂದ ಮನುಷ್ಯ ಒಳಗಿಳಿಯುವ ಮೊದಲು ಅಚ್ಯುತ ಎರಡು ಕೆಲಸ ಮಾಡಬೇಕು. ನೈಟ್ರೋಜನ್ ಬರುವ ಕೊಳವೆಯ ವಾಲ್ವ್ ಮುಚ್ಚಿ, ಅದಕ್ಕೆ ತನ್ನ ಹೆಸರು ಬರೆದ ಹಸಿರು ಬೀಗ ಜಡಿದು, ಕೀಲಿಯನ್ನು ತನ್ನ ಜೇಬಿನಲ್ಲಿ ಇಟ್ಟುಕೊಳ್ಳಬೇಕು. ಆಮೇಲೆ ದಾರ ಕಟ್ಟಿದ ಮೀಟರನ್ನು ಟ್ಯಾಂಕಿನ ತಳದವರೆಗೆ ಇಳಿಬಿಟ್ಟು, ಆಮ್ಲಜನಕ ಎಷ್ಟಿದೆಯೆಂದು ನೋಡಿ ಬರೆಯಬೇಕು. ಒಳ್ಳೆಯ ಗಾಳಿಯ ಲೆಕ್ಕ ಇಪ್ಪತ್ತು ಪಾಯಿಂಟ್ ಒಂಬತ್ತು.

ಮೊದಲ ಹದಿನೈದು ವರ್ಷ ಅವನು ಪ್ರತಿ ಸಲವೂ ನೋಡಿ ಬರೆದ. ಪ್ರತಿ ಸಲವೂ ಅದೇ ಅಂಕಿ. ಕೊನೆಗೆ ಕಣ್ಣಿಗಿಂತ ಮುಂಚೆ ಪೆನ್ನೇ ಬರೆಯತೊಡಗಿತು. ಒಮ್ಮೆ ಮೀಟರು ಹೊರಗೇ ಉಳಿಯಿತು, ಇನ್ನೊಮ್ಮೆ ಆಫೀಸಿನಲ್ಲೇ ಉಳಿಯಿತು. ಏನೂ ಆಗಲಿಲ್ಲ. ಏನೂ ಆಗದಿದ್ದದ್ದೇ ಅಭ್ಯಾಸವಾಯಿತು.

ಕಾರ್ಖಾನೆಯ ಮ್ಯಾನೇಜರು ಚನ್ನಬಸಪ್ಪನವರು. ಇಬ್ಬರದೂ ಹಾವೇರಿ ಕಡೆ. ಅಚ್ಯುತನನ್ನು ಸೂರತ್ತಿಗೆ ಕರೆಸಿ ಕೆಲಸ ಕೊಡಿಸಿದವರು ಅವರೇ. ೨೦೦೬ರಲ್ಲಿ ತಾಪಿ ನದಿ ಊರೊಳಗೆ ನುಗ್ಗಿದಾಗ ಅಚ್ಯುತನ ಮನೆ ನದಿದಡದ ಅಡಾಜಣ ಬಡಾವಣೆಯಲ್ಲಿತ್ತು, ಹೆಂಡತಿ ಪದ್ಮಾ ತುಂಬು ಗರ್ಭಿಣಿ. ಎದೆಮಟ್ಟದ ನೀರಿನಲ್ಲಿ ದೋಣಿ ತಂದು ಅವಳನ್ನು ಆಸ್ಪತ್ರೆಗೆ ಸೇರಿಸಿದವರೂ ಅವರೇ. ಮರುದಿನ ಮನಸ್ವಿನಿ ಹುಟ್ಟಿದಳು. ಅಂಥವರು ಶನಿವಾರ ಸಂಜೆ ಚಹಾ ಕುಡಿಸುತ್ತ, "ತಮ್ಮಾ, ಏಳನೇ ಟ್ಯಾಂಕ್ ನಾಳೆ ಹತ್ತಕ್ಕ ತೊಳಸೋದೈತಿ. ನಿಂದು ನಾಳೆ ರಜಾ. ಇವತ್ತs ಸಹಿ ಮಾಡಿಡು" ಎಂದರೆ, ಅಚ್ಯುತನಿಗೆ ಇಲ್ಲವೆನ್ನಲು ಬಾಯಿ ಬರಲಿಲ್ಲ.

"ಬೀಗ ಹಾಕಿ ಹೋಗ್ತೀನ್ರಿ ಅಣ್ಣಾರ" ಎಂದ. ಸಹಿ ಮಾಡಿದ. ಇಪ್ಪತ್ತು ಪಾಯಿಂಟ್ ಒಂಬತ್ತು ಎಂದೂ ಬರೆದ.

ಭಾನುವಾರ ಬೆಳಿಗ್ಗೆ ಈಗಿನ ಉಧನಾದ ಮನೆಯಲ್ಲಿ ತಂದೆ ಮಗಳು ಟಿವಿ ಮುಂದೆ ಕುಳಿತರು. ಇದು ಅವರ ವಾರದ ಪೂಜೆ. ಹತ್ತೊಂಬತ್ತರ ಮನಸ್ವಿನಿಗೆ ಕನ್ನಡ ಅಷ್ಟಕ್ಕಷ್ಟೆ. ತಂದೆಯೊಡನೆ ಹೆಚ್ಚು ಮಾತು ಬೆಳೆಯುತ್ತಿದ್ದುದು ವಿಡಿಯೋ ಗೇಮಿನ ಮುಂದೆ ಮಾತ್ರ. ನೂರೈವತ್ತು ವರ್ಷದ ಹಿಂದಿನ ಅಮೆರಿಕದ ಪಶ್ಚಿಮ ಸೀಮೆ, ಕುದುರೆ, ಬಂದೂಕು, ಸರ್ಕಾರ ಹುಡುಕುತ್ತಿರುವ ಒಂದು ಕಳ್ಳರ ತಂಡ. ಆಡುವವರು ಅದರಲ್ಲಿ ಒಬ್ಬ ಸವಾರ. ತಂಡಕ್ಕೊಬ್ಬ ಗಡ್ಡದ ಯಜಮಾನ. ಬಾಯಾರಿದ ಗಾಯಾಳುವಿಗೆ ತನ್ನ ಪಾಲಿನ ನೀರು ಕುಡಿಸುತ್ತಾನೆ. ಮರುಗಳಿಗೆಯಲ್ಲಿ ಕೈಯೆತ್ತಿ ನಿಂತ ಟಪಾಲಿನವನನ್ನು ಗುಂಡಿಕ್ಕಿ ಕೊಲ್ಲುತ್ತಾನೆ.

"ಇವ ಒಳ್ಳೇಂವೋ ಕೆಟ್ಟಾಂವೋ, ಮೊದಲು ಹೇಳು" ಎಂದು ಅಚ್ಯುತ ಪ್ರತಿ ವಾರ ಕೇಳುತ್ತಿದ್ದ.

"ಅಪ್ಪಾ, ನೀವು ಎಕ್ಸಾಮ್ ಪೇಪರ್ ತರಾ ಕೇಳ್ತೀರಿ. ದೋನೋ. ಎರಡೂ."

ಅಚ್ಯುತನಿಗೆ ಮೆಚ್ಚುಗೆಯಾದವನು ಬೇರೆಯೇ: ತಂಡಕ್ಕೆ ಅಡುಗೆ ಮಾಡುವ ಒಬ್ಬ ಕುಂಟ ಮುದುಕ. ಎಲ್ಲರಿಗೂ ಬಡಿಸಿ ತಾನು ಕೊನೆಗೆ ತಿನ್ನುವವನು.

ಆ ದಿನ ಯಜಮಾನ ಸವಾರನಿಗೆ ಹೇಳಿದ: ಗುಡ್ಡ ಹತ್ತಿ ಕಣಿವೆಯೊಳಗೆ ನೋಡು, ಯಾರೂ ಇಲ್ಲದಿದ್ದರೆ ಶಿಳ್ಳೆ ಹಾಕು, ನಾವು ದಾಟುತ್ತೇವೆ. ಗುಡ್ಡ ಉದ್ದ, ಕುದುರೆ ದಣಿದಿತ್ತು. ಆಡುತ್ತಿದ್ದ ಅಚ್ಯುತ ಅರ್ಧಕ್ಕೆ ನಿಂತ.

"ಇಲ್ಲಿಂದನೇ ಶಿಳ್ಳೆ ಹಾಕಬಹುದೇನು?"

"ಬಟನ್ ಬಂದಿದೆಯಲ್ಲಾ, ಹಾಕಿ."

ಹಾಕಿದ. ತಂಡ ಕಣಿವೆಗೆ ಇಳಿಯಿತು. ಮೊದಲು ಹೋದದ್ದು ಅಡುಗೆಯ ಮುದುಕನ ಗಾಡಿ. ಬಂಡೆಗಳ ಹಿಂದಿನಿಂದ ಗುಂಡುಗಳು ಹಾರಿದವು. ಹೊಗೆ ಕರಗಿದಾಗ ಮುದುಕ ಗಾಡಿಯ ಗಾಲಿಗೆ ಒರಗಿ ಕುಳಿತಿದ್ದ, ನಿದ್ದೆ ಬಂದವನ ಹಾಗೆ. ಯಾರೂ ಸವಾರನನ್ನು ಬೈಯಲಿಲ್ಲ. ಯಜಮಾನ ಬಂದು ಅವನ ಭುಜ ತಟ್ಟಿ, ನಿನ್ನ ತಪ್ಪೇನಿಲ್ಲ ಎಂದ.

"ಹಿಂದ ಹೋಗು. ಮತ್ತೊಮ್ಮೆ ಆಡೋಣ" ಎಂದ ಅಚ್ಯುತ.

"ಆಗಲ್ಲ ಅಪ್ಪಾ. ಈ ಗೇಮ್‌ನಲ್ಲಿ ಸತ್ತವರು ವಾಪಸ್ ಬರಲ್ಲ."

ಅಚ್ಯುತನ ಕಣ್ಣು ಆ ಗಾಡಿಯ ಮೇಲೇ ನಿಂತಿತ್ತು. ಎದ್ದು ಹೋಗಿ, ಬಾಗಿಲ ಹಿಂದಿನ ಮೊಳೆಗೆ ನೇತು ಹಾಕಿದ್ದ ತನ್ನ ಚೀಲದಲ್ಲಿ ಕೈಯಾಡಿಸಿದ. ಬೆರಳಿಗೆ ಕಬ್ಬಿಣ ತಗುಲಿತು.

ಹಸಿರು ಬೀಗ.

ನಿನ್ನೆ ಸಂಜೆ ಚಹಾ ಕುಡಿದು, ಮಾತಾಡುತ್ತ ಆಡುತ್ತ, ಅವನು ನೇರ ಮನೆಗೆ ಬಂದುಬಿಟ್ಟಿದ್ದ. ಗಡಿಯಾರದಲ್ಲಿ ಒಂಬತ್ತೂ ಮುಕ್ಕಾಲು.

ಚನ್ನಬಸಪ್ಪನವರಿಗೆ ಫೋನ್ ಮಾಡಿದ. ಗಂಟೆ ಬಾರಿಸಿ ಬಾರಿಸಿ ನಿಂತಿತು. ಎತ್ತುವವರು ಯಾರು? ಮೊಬೈಲುಗಳನ್ನು ಗೇಟಿನ ಪೆಟ್ಟಿಗೆಯಲ್ಲಿಟ್ಟು ಒಳಗೆ ಹೋಗಬೇಕು. ಆ ನಿಯಮವನ್ನು ಬರೆದವನು ಸ್ವತಃ ಅಚ್ಯುತ. ಗೇಟಿನ ಫೋನು ಮಳೆಗಾಲದಿಂದ ಸತ್ತಿತ್ತು.

"ಏನ್ರೀ, ಮುಖ ಹಿಂಗ್ಯಾಕ?" ಎಂದು ಪದ್ಮಾ ಅಡುಗೆಮನೆಯಿಂದ ಬಂದಳು. ಅವನು ಆಗಲೇ ಬಾಗಿಲಾಚೆ ಇದ್ದ. ಸ್ಕೂಟರಿನ ಕೀಲಿ ತೂರಿಸಲು ಹೋದರೆ ಅದು ಎರಡು ಸಲ ಕೆಳಗೆ ಬಿತ್ತು. ಮನಸ್ವಿನಿ ಅದನ್ನು ಎತ್ತಿಕೊಂಡು, "ಹಿಂದೆ ಕೂಡ್ರಿ ಅಪ್ಪಾ" ಎಂದಳು.

ಭೇಸ್ತಾನ್ ದಾಟುವಾಗ ಸೀರೆಯ ಗಂಟುಗಳನ್ನು ಹೇರಿದ ಟೆಂಪೋಗಳು ದಾರಿಯನ್ನು ಕಟ್ಟಿದ್ದವು. ಅಚ್ಯುತನ ಮುಷ್ಟಿಯಲ್ಲಿ ಬೀಗ ಬೆವರಿಗೆ ಜಾರುತ್ತಿತ್ತು. ಆ ವಾಲ್ವ್ ಹಳೆಯದು, ಒಳಗಿನಿಂದ ಸ್ವಲ್ಪ ಸೋರುತ್ತದೆ, ಬೇರೆಯವರು ಮುಚ್ಚಿದರೂ, ಪೂರ್ತಿ ಬಿಗಿದು ಬೀಗ ಜಡಿಯದಿದ್ದರೆ ತಾನಾಗಿ ಸಡಿಲವಾಗುತ್ತದೆ: ಇದು ಅವನಿಗೆ ಗೊತ್ತಿತ್ತು. ಗೊತ್ತಿದ್ದವನು ಅವನೊಬ್ಬನೇ. ಒಬ್ಬನ ಹಿಂದೆ ಇನ್ನೊಬ್ಬ ಇಳಿಯುತ್ತಾನೆ, ಬಿದ್ದವನನ್ನು ಎತ್ತಲು. ಯಾವಾಗಲೂ ಹಾಗೆಯೇ ಆಗುವುದು. ಹೋದರೆ ಇಬ್ಬರು, ಮೂವರು. ಅವನು ಉನ್ನ್ ಎಂಬ ಊರು ಬರುವವರೆಗೆ ಕಣ್ಣು ಮುಚ್ಚಿಕೊಂಡಿದ್ದ. ಕಣ್ಣು ಮುಚ್ಚಿದರೆ ಗಾಡಿಯ ಗಾಲಿಗೆ ಒರಗಿದ ಮುದುಕ ಕಾಣುತ್ತಿದ್ದ, ಆದರೆ ಮುಖ ನಟುಭಾಯಿಯದು.

ಹತ್ತೂ ಹತ್ತಕ್ಕೆ ಗೇಟು. ಮಗಳನ್ನು ಅಲ್ಲೇ ಬಿಟ್ಟು ಓಡಿದ. ಭಾನುವಾರದ ಕಾರ್ಖಾನೆ ಸ್ಮಶಾನದಂತೆ ನಿಶ್ಶಬ್ದ. ದೂರದಲ್ಲಿ ಏಳನೇ ಟ್ಯಾಂಕಿನ ಅಟ್ಟದ ಮೇಲೆ ನಟುಭಾಯಿ ಕಂಡ. ಮ್ಯಾನ್‌ಹೋಲಿನ ಅಂಚಿನಲ್ಲಿ ಕುಳಿತು ಎರಡೂ ಕಾಲನ್ನು ಒಳಗೆ ಇಳಿಬಿಟ್ಟಿದ್ದ. ಹಗ್ಗ ಕಂಬಿಯ ಮೇಲೆ ಸುರುಳಿ ಸುತ್ತಿ ಬಿದ್ದಿತ್ತು.

ಅಚ್ಯುತ ಕೂಗಿದ. ಓಡಿದ ಏದುಸಿರಿನಲ್ಲಿ ದನಿ ಅಷ್ಟು ದೂರ ಮುಟ್ಟಲಿಲ್ಲ. ಬಾಯಿಗೆ ಬೆರಳಿಟ್ಟ. ಒಣಗಿದ ತುಟಿಯಿಂದ ಶಿಳ್ಳೆಯೂ ಹೊರಡಲಿಲ್ಲ. ಕೊನೆಗೆ ಕೈಯಲ್ಲಿದ್ದ ಬೀಗದಿಂದ ಪಕ್ಕದ ಕೊಳವೆಗೆ ಬಡಿದ. ಠಣ್, ಠಣ್, ಠಣ್. ಹುಚ್ಚನ ಹಾಗೆ ಬಡಿಯುತ್ತಲೇ ಇದ್ದ.

ನಟುಭಾಯಿ ತಿರುಗಿ ನೋಡಿದ. "ಅರೇ ಸಾಹೇಬ್! ರವಿವಾರ ಇಲ್ಲಿ? ಮನೆಯಲ್ಲಿ ಭಾಭಿ ಓಡಿಸಿದರಾ?"

"ಕಾಲು ತೆಗಿ" ಎಂದ ಅಚ್ಯುತ, ಮೆಟ್ಟಿಲು ಹತ್ತುತ್ತ. "ನಟುಭಾಯಿ, ಕಾಲು ತೆಗಿ."

ಪಕ್ಕದಲ್ಲೇ ಚನ್ನಬಸಪ್ಪನವರು ಬುತ್ತಿಯ ಡಬ್ಬಿ ಮುಚ್ಚುತ್ತಿದ್ದರು. ಯಾರನ್ನೂ ಬರಿಹೊಟ್ಟೆಯಲ್ಲಿ ಟ್ಯಾಂಕಿಗೆ ಇಳಿಸುವವರಲ್ಲ ಅವರು. ನಟುಭಾಯಿ ಉಪವಾಸ ಬಂದಿದ್ದಾನೆಂದು ತಿಳಿದು, ಮನೆಯ ಜೋಳದ ರೊಟ್ಟಿ, ಶೇಂಗಾ ಚಟ್ನಿ ತಿನ್ನಿಸಿ, ಮೇಲೊಂದು ಲೋಟ ಮಜ್ಜಿಗೆ ಕುಡಿಸಿದ್ದರು. ಅದರಿಂದ ಹದಿನೈದು ನಿಮಿಷ ತಡವಾಗಿತ್ತು.

"ಏನೋ ಇದು ನಿನ್ನ ನಾಟಕ?" ಎಂದು ಗದರಿದರು.

ಅಚ್ಯುತ ಅಟ್ಟದ ಮೇಲಿನ ಉಪಕರಣದ ಪೆಟ್ಟಿಗೆ ತೆರೆದ. ಮೀಟರಿಗೆ ದಾರ ಕಟ್ಟಿ ಇಳಿಬಿಟ್ಟ. ಟ್ಯಾಂಕಿನ ಬಾಯಲ್ಲಿ ಇಪ್ಪತ್ತು. ಒಂದು ಮಾರು ಇಳಿದಾಗ ಹದಿನೇಳು, ಮೀಟರು ಕಿರುಚತೊಡಗಿತು. ತಳದಲ್ಲಿ ಒಂಬತ್ತು. ಆ ಕಿರುಚಾಟ ಟ್ಯಾಂಕಿನೊಳಗಿನಿಂದ, ಬಾವಿಗೆ ಬಿದ್ದವರ ಕೂಗಿನ ಹಾಗೆ, ಮೇಲೆ ಬರುತ್ತಿತ್ತು. ನಟುಭಾಯಿ ನಿಧಾನವಾಗಿ ಒಂದು ಕಾಲು ತೆಗೆದ, ಆಮೇಲೆ ಇನ್ನೊಂದು.

"ಸಹಿ ನಿಮ್ಮದೇ ಇತ್ತಲ್ಲ ಸಾಹೇಬ್?" ಎಂದ.

ಚನ್ನಬಸಪ್ಪನವರ ಮುಖ ಬಿಳಿಚಿತ್ತು. ಅಚ್ಯುತನನ್ನು ಮೂಲೆಗೆ ಎಳೆದು ದನಿ ತಗ್ಗಿಸಿದರು. "ಆ ಕಾಗದ ಹರಿ. ಬೀಗ ಹಾಕು, ಗಾಳಿ ಬಿಡಸು, ಹೊಸಾದು ಬರಿ. ಏನೂ ಆಗಿಲ್ಲಲ್ಲ."

"ಆಗ್ತಿತ್ತಲ್ರಿ ಅಣ್ಣಾರ."

"ಆಗಿಲ್ಲ! ಮ್ಯಾಲಿನವ್ರಿಗೆ ಗೊತ್ತಾದ್ರ ನಿನ್ನ ನೌಕರಿನೂ ಹೋತು, ನಂದೂ ಹೋತು. ನೀರಾಗ ನಿನ್ನ ಹೆಂಡ್ತೀನ್ನ ದೋಣ್ಯಾಗ ಒಯ್ದಾಂವ ನಾನು. ಅದನ್ನರ ನೆನಸು." ಹೀಗೆಂದು ಅವನ ಭುಜ ತಟ್ಟಿದರು. "ನಿಂದೇನೂ ತಪ್ಪಿಲ್ಲ ತಮ್ಮಾ."

ಭುಜದ ಮೇಲೆ ಆ ಕೈ ಬಿದ್ದೊಡನೆ ಅಚ್ಯುತನಿಗೆ ಆಟದ ಯಜಮಾನ ನೆನಪಾದ. ಅದು ಪ್ರೀತಿಯ ಕೈಯೇ. ಸುಳ್ಳಲ್ಲ. ಅದಕ್ಕೇ ಹೆದರಿಕೆಯಾಯಿತು.

ಪರ್ಮಿಟ್ ಕಾಗದವನ್ನು ತೆಗೆದುಕೊಂಡ. ಹರಿಯಲಿಲ್ಲ. ತನ್ನ ಸಹಿಯ ಕೆಳಗೆ, ಮೀಟರ್ ಇಳಿಸದೆ, ಬೀಗ ಹಾಕದೆ ಸಹಿ ಮಾಡಿದ್ದೇನೆ ಎಂದು ಹಿಂದಿಯಲ್ಲಿ ಬರೆದು, ವೇಳೆ ಹಾಕಿದ. ನಟುಭಾಯಿಗೆ ಓದು ಬರುತ್ತಿರಲಿಲ್ಲ. ಆದ್ದರಿಂದ ಅವನ ಎದುರಿಗೆ ನಿಂತು ಗಟ್ಟಿಯಾಗಿ ಓದಿ ಹೇಳಿದ.

ನಟುಭಾಯಿ ಕಂಬಿಯ ಮೇಲಿನ ಹಗ್ಗದ ಕಡೆ ನೋಡಿದ. ಆಮೇಲೆ, "ಇದೊಂದೇ ಸಲವಾ?" ಎಂದು ಕೇಳಿದ.

"ಅಲ್ಲ."

ಸೋಮವಾರ ಆ ಕಾಗದವನ್ನು ದೊಡ್ಡ ಸಾಹೇಬರ ಮೇಜಿಗೆ ಒಯ್ದವರು ಚನ್ನಬಸಪ್ಪನವರೇ. ಕೆಳಗೆ ತಮ್ಮದೊಂದು ಸಾಲು ಸೇರಿಸಿದ್ದರು: "ಈ ವಿಷಯ ನನಗೆ ತಿಳಿದಿರಲಿಲ್ಲ." ಸುಳ್ಳು. ಅದೇ ದಿನ ಎರಡು ತಾಸು ಆ ಕೋಣೆಯಲ್ಲಿ ಕುಳಿತು, ಅಂಗಲಾಚಿ, ಜಗಳಾಡಿ, ಅಚ್ಯುತನ ನೌಕರಿ ಉಳಿಸಿದವರೂ ಅವರೇ. ಆರು ತಿಂಗಳು ಸಹಿಯ ಅಧಿಕಾರ ಮಾತ್ರ ಹೋಯಿತು. "ಹಾಗಾದರೆ ಅಂಕಲ್ ಒಳ್ಳೆಯವರಾ, ಕೆಟ್ಟವರಾ?" ಎಂದು ಮನಸ್ವಿನಿ ಕೇಳಿದಾಗ ಅಚ್ಯುತ ಟಿವಿಯ ಕಡೆ ನೋಡಿ, ಆಟ ಮುಂದುವರಿಸು ಎಂದ.

ಈಗ ಅಧಿಕಾರ ಮರಳಿ ಬಂದಿದೆ. ಅಚ್ಯುತ ಮೀಟರನ್ನು ತಳದವರೆಗೆ ಇಳಿಸಿ, ಅಂಕಿಯನ್ನು ಗಟ್ಟಿಯಾಗಿ ಹೇಳಿ, ಆಮೇಲೆ ಬರೆಯುತ್ತಾನೆ. ಹೇಳುವಾಗಲೆಲ್ಲ, ಹಿಂದೆ ಮೀಟರು ನೋಡದೆ ಬರೆದ ಅಂಕಿಗಳು, ಆ ದಿನಗಳಲ್ಲಿ ಇಳಿದು ಅದೃಷ್ಟದಿಂದ ಮೇಲೆ ಬಂದ ಮುಖಗಳು, ಒಂದೊಂದಾಗಿ ಎದುರಿಗೆ ಬರುತ್ತವೆ.

ನಟುಭಾಯಿ ಎಲ್ಲವನ್ನೂ ಕೇಳಿಸಿಕೊಳ್ಳುತ್ತಾನೆ. ನಗುತ್ತಾನೆ, ಭಾಭಿಯ ಕ್ಷೇಮ ವಿಚಾರಿಸುತ್ತಾನೆ. ಸಹಿ ಯಾರದೆಂದು ಮಾತ್ರ ಈಗ ಕೇಳುವುದಿಲ್ಲ. ಹಗ್ಗವನ್ನೆತ್ತಿ ಸೊಂಟಕ್ಕೆ ಎರಡು ಸುತ್ತು ಬಿಗಿದು, ತುದಿಯನ್ನು ಅಚ್ಯುತನ ಕೈಗೇ ಕೊಟ್ಟು ಇಳಿಯುತ್ತಾನೆ. ಅವನು ಮೇಲೆ ಬರುವವರೆಗೆ ಅಚ್ಯುತ ಅದನ್ನು ಎರಡೂ ಕೈಯಲ್ಲಿ ಹಿಡಿದು ನಿಂತಿರುತ್ತಾನೆ.